ಅಂಚು ಕತ್ತರಿಸಿದ ಚಿತ್ರದ ಬಗ್ಗೆ, ಚಿತ್ರಶಾಲೆಯ ನಿರ್ದೇಶಕರಿಗೆ

ಮಾನ್ಯರೇ,

ಮೊದಲು ತಪ್ಪೊಪ್ಪಿಗೆ. ನಾನು ನಿಮ್ಮ ಸಂಸ್ಥೆಗೆ ಮೋಸ ಮಾಡಿದ್ದೇನೆ. 'ಮನೆ ಬಿಡುವ ದಿನ' ಎಂಬ ವರ್ಣಚಿತ್ರದ ನಮ್ಮ ಮನೆಯಲ್ಲಿದ್ದ ದೊಡ್ಡ ಪ್ರತಿಯನ್ನು ವಾಪಸ್ ಕಳಿಸಬೇಕೆಂದು ನೀವು ಹೊರಡಿಸಿದ ಸುತ್ತೋಲೆಗೆ ನಾನು ತಲೆಬಾಗಿದವನಂತೆ ನಟಿಸಿದೆ. ಚಿತ್ರ ಬಂದಿದ್ದ ರಟ್ಟಿನ ಕೊಳವೆಯೊಳಗೆ, ಬಣ್ಣದಂಗಡಿಯವರು ಪುಕ್ಕಟೆ ಕೊಟ್ಟಿದ್ದ ಹೋದ ವರ್ಷದ ಗೋಡೆ ಕ್ಯಾಲೆಂಡರನ್ನು ಸುರುಳಿ ಸುತ್ತಿ ತುರುಕಿದೆ. ಎರಡೂ ತುದಿಗೆ ಮುಚ್ಚಳ ಒತ್ತಿ ಅಂಚೆಗೆ ಹಾಕಿದೆ. ಆ ವಾರವೆಲ್ಲ ಬಾಗಿಲು ಬಡಿದರೆ ಸಾಕು, ಹೆಂಡತಿಯನ್ನು ಮುಂದೆ ಕಳಿಸುತ್ತಿದ್ದೆ. ವಾರದ ಕೊನೆಗೆ ನಿಮ್ಮ ಕಚೇರಿಯಿಂದ ಮೊಹರು ಒತ್ತಿದ ಪತ್ರ ಬಂತು: "ಚಿತ್ರವನ್ನು ಪರಿಶೀಲಿಸಲಾಗಿದೆ. ಸುಸ್ಥಿತಿಯಲ್ಲಿದೆ. ಸಹಕಾರಕ್ಕೆ ಧನ್ಯವಾದಗಳು."

ಕಳ್ಳನಿಗೂ ಒಂದು ಮರ್ಯಾದೆ ಇರುತ್ತದೆ ಸ್ವಾಮಿ. ಕದ್ದದ್ದು ಯಾರಿಗಾದರೂ ಗೊತ್ತಾಗಲಿ ಎಂಬ ಸಣ್ಣ ಆಸೆ. ನೀವು ಅದನ್ನೂ ಉಳಿಸಲಿಲ್ಲ. ನಾಡಿಗೆ ನೋಡುವುದನ್ನು ಕಲಿಸುವ ಸಂಸ್ಥೆ ಎಂದು ನಿಮ್ಮ ಹೆಬ್ಬಾಗಿಲ ಮೇಲೆ ಕೆತ್ತಿಸಿದ್ದೀರಿ. ಆ ಬಾಗಿಲಿನೊಳಗೆ ಬಂದ ಕೊಳವೆಯ ಮುಚ್ಚಳವನ್ನು ಒಬ್ಬರೂ ತೆಗೆದು ನೋಡಲಿಲ್ಲ. ಅಥವಾ ತೆಗೆದು ನೋಡಿ, ಹನ್ನೆರಡು ಪುಟಗಳ ಮೇಲೂ ಸುಣ್ಣಬಣ್ಣದ ಡಬ್ಬಿಗಳಿರುವ ಆ ಕೃತಿಯನ್ನು ಆಧುನಿಕ ಕಲೆ ಎಂದು ಒಳಗೆ ಸೇರಿಸಿಕೊಂಡಿರೋ, ನಾನರಿಯೆ. ಎರಡನೆಯದೇ ನಿಜವಾಗಿದ್ದರೆ ಬಣ್ಣದಂಗಡಿಯವರಿಗೆ ಒಂದು ಮಾತು ತಿಳಿಸಿ, ಪಾಪ, ಸಂತೋಷಪಡುತ್ತಾರೆ.

ಈಗ ದೂರು. ಚಿತ್ರಶಾಲೆಗೆ ಬರಲಾಗದ ಮನೆಗಳಲ್ಲಿ ಮಕ್ಕಳೂ ದೊಡ್ಡವರೂ ಕೂತು ಒಂದೇ ಚಿತ್ರವನ್ನು ಸಾವಕಾಶವಾಗಿ ನೋಡಲಿ ಎಂದು ಶುರುವಾಗಿದ್ದ 'ಮನೆಗೊಂದು ಚಿತ್ರ' ಯೋಜನೆಯನ್ನು ನೀವು ಮುಚ್ಚಿದ್ದೀರಿ. ಅದರ ಬದಲು ಮೊಬೈಲಿಗೆ ಒಂದು ಆ್ಯಪ್ ಕೊಟ್ಟಿದ್ದೀರಿ. ಮನೆಗಳಿಂದ ಹಿಂದಿರುಗಿದ ಪ್ರತಿಗಳನ್ನು ರದ್ದಿಗೆ ಹಾಕುತ್ತಿದ್ದೀರಿ. ಸುತ್ತೋಲೆಯಲ್ಲಿ 'ಮುಚ್ಚಿದ್ದೇವೆ' ಎಂದಿಲ್ಲ, 'ರೂಪಾಂತರಿಸಿದ್ದೇವೆ' ಎಂದಿದೆ. ಅಳಿಯ ಅಲ್ಲ, ಮಗಳ ಗಂಡ ಎಂದ ಹಾಗೆ. ಈ ಗಾದೆಯ ತಿರುಳು ನನಗೆ ಚೆನ್ನಾಗಿ ಗೊತ್ತು, ಏಕೆಂದರೆ ನಾನು ಎರಡೂ ಹೌದು, ಮತ್ತು ಈ ಪತ್ರ ಬರೆಯುತ್ತಿರುವುದೇ ಅತ್ತೆಯ ಸಲುವಾಗಿ.

ನನ್ನ ಪರಿಚಯ ಒಂದೆರಡು ಮಾತಿನಲ್ಲಿ. ವಿಮಾ ಕಂಪನಿಗಳ ಪರವಾಗಿ ಹಾನಿ ಅಂದಾಜು ಮಾಡುವುದು ನನ್ನ ಕಸುಬು. ಸುಟ್ಟ ಗೋದಾಮು, ನೆನೆದ ಹತ್ತಿ, ನಜ್ಜುಗುಜ್ಜಾದ ಕಾರು, ಇವುಗಳ ಮುಂದೆ ನಿಂತು ನೋಡುವುದಕ್ಕೇ ನನಗೆ ಸಂಬಳ. ಬಂಪರು ಸೊಟ್ಟಗಾದ ರೀತಿ ನೋಡಿ, ಗುದ್ದಿದ್ದು ಕಂಬಕ್ಕೋ ಎಮ್ಮೆಗೋ ಎಂದು ಹೇಳಬಲ್ಲೆ. ಹಾಗಾಗಿ ನೋಟದ ವಿಷಯದಲ್ಲಿ ನನ್ನ ಮುಂದೆ ಯಾರೂ ಮಾತಾಡಬೇಡಿ ಎಂದು ಸ್ವಲ್ಪ ಜಂಬದಿಂದಲೇ ಹೇಳಿಕೊಳ್ಳುತ್ತೇನೆ. 'ಮನೆ ಬಿಡುವ ದಿನ' ನಮ್ಮ ಊಟದ ಕೋಣೆಗೆ ಬಂದು ಐದು ತಿಂಗಳಾಯಿತು. ಆ ಚಿತ್ರದಲ್ಲಿ ಏನಿದೆ ಎಂದು ನಾನೀಗ ಕಣ್ಣು ಮುಚ್ಚಿಕೊಂಡೂ ಹೇಳಬಲ್ಲೆ. ನಿಮ್ಮ ಕಚೇರಿಯಲ್ಲಿ ಕಣ್ಣು ಬಿಟ್ಟುಕೊಂಡು ಹೇಳಬಲ್ಲವರು ಎಷ್ಟು ಜನ ಇದ್ದಾರೆ?

ಹೇಳಿಯೇಬಿಡುತ್ತೇನೆ. ಅದು ಖಾಲಿಯಾಗುತ್ತಿರುವ ಒಂದು ಕೋಣೆ. ಸುತ್ತಿ ಹಗ್ಗ ಬಿಗಿದ ಹಾಸಿಗೆ, ಕಟ್ಟಿದ ಗಂಟು, ತಲೆಕೆಳಗಾಗಿ ಒಂದರ ಮೇಲೊಂದು ಇಟ್ಟ ಎರಡು ಕುರ್ಚಿ. ಮೂರನೆಯ ಕುರ್ಚಿಯನ್ನು ಇನ್ನೂ ಎತ್ತಿಲ್ಲ, ಅದರ ದಿಂಬು ನಡುವೆ ತಗ್ಗಾಗಿದೆ. ಚಿತ್ರದ ಮಧ್ಯೆ ಒಬ್ಬ ಹೆಂಗಸು ನಮಗೆ ಬೆನ್ನು ಮಾಡಿ, ಗೋಡೆಯ ಮೇಲೆ ಒಂದು ಕೈ ಇಟ್ಟು ನಿಂತಿದ್ದಾಳೆ. ಕೈಯ ಸುತ್ತ ಗೋಡೆಯ ಬಣ್ಣ ಚೌಕಾಕಾರವಾಗಿ ತಿಳಿಯಾಗಿದೆ, ಅಲ್ಲಿ ಬಹಳ ವರ್ಷ ಏನೋ ತೂಗುಬಿದ್ದಿತ್ತು. ಇದು ನಡುವಿನ ಭಾಗ. ಬಲ ಅಂಚಿನಲ್ಲಿ ಬಾಗಿಲ ಸಂದಿಯಿಂದ ಬಂದ ಬಿಸಿಲಿನ ಒಂದು ಪಟ್ಟಿ, ಆ ಬಿಸಿಲಿನಲ್ಲಿ ಗಾಡಿ ಚಕ್ರದ ಕಾಲು ಭಾಗ. ಎಡ ಅಂಚಿನಲ್ಲಿ ಒಂದು ಹೆಗಲು. ಬರೀ ಹೆಗಲು, ಮಿಕ್ಕ ಮನುಷ್ಯ ಚಿತ್ರದ ಆಚೆ ಇದ್ದಾನೆ.

ಈ ಹೆಗಲನ್ನು ಕಂಡುಹಿಡಿದವರು ನಮ್ಮ ಅತ್ತೆ. ಅವರಿಗೆ ಕಣ್ಣು ಕಾಣುವುದಿಲ್ಲ.

ಪೂರ್ತಿ ಕಾಣುವುದಿಲ್ಲ ಎಂದಲ್ಲ. ಅವರ ನೋಟದ ನಡುಭಾಗ ಹೋಗಿದೆ. ಎದುರಿಗೆ ನಿಂತವರ ಮುಖ ಇದ್ದ ಜಾಗದಲ್ಲಿ ಒಂದು ಬೂದು ಮೋಡ, ಕಿವಿ, ಕೂದಲು, ಹೆಗಲು ಮಾತ್ರ ಉಳಿದಿದೆ. "ಅಳಿಯಂದಿರೇ, ನಿಮ್ಮ ಮುಖ ಒಂದು ಬಿಟ್ಟು ಮಿಕ್ಕಿದ್ದೆಲ್ಲಾ ಚೆನ್ನಾಗಿ ಕಾಣ್ಸುತ್ತೆ, ಈಗಲೇ ಅನುಕೂಲ" ಎನ್ನುತ್ತಾರೆ. ಅವರು ಕೆಲಸದ ಜೀವನವನ್ನೆಲ್ಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿ ಕಳೆದವರು. ಕಾಣದವರ ಜೊತೆ ಮಾತಾಡಿ ಅಭ್ಯಾಸ.

ನಿಮ್ಮ ಚಿತ್ರ ಮೊದಲ ಸಲ ಬಂದಾಗ ಕೊಳವೆಯಲ್ಲಿ ಒಂದು ಪುಟ್ಟ ಚೀಟಿಯೂ ಇತ್ತು. ಅದನ್ನು ಬರೆದವರು ಈಗ ನಿಮ್ಮ ಸಂಸ್ಥೆಯಲ್ಲಿಲ್ಲ ಎಂದು ಊಹಿಸುತ್ತೇನೆ, ಏಕೆಂದರೆ ಅದು ಮನುಷ್ಯರ ಭಾಷೆಯಲ್ಲಿತ್ತು. "ಇದರಲ್ಲಿ ಉತ್ತರಗಳಿಲ್ಲ. ನೀವು ದಿನಾ ಕೂರುವ ಕಡೆ ತೂಗುಹಾಕಿ. ಮಕ್ಕಳು ಹೇಳಿದ್ದನ್ನು ತಿದ್ದಬೇಡಿ. ಇನ್ನೇನು ಕಾಣುತ್ತೆ ಎಂದು ಕೇಳಿ." ಇಷ್ಟೇ. ಚಿತ್ರ ಎಂದರೆ ನಮ್ಮಂಥ ಮನೆಗಳಲ್ಲಿ ಒಂದು ಹೆದರಿಕೆ ಇರುತ್ತದೆ. ನೋಡಿ ಏನು ಹೇಳಬೇಕೋ ತಿಳಿಯದೆ 'ಬಹಳ ಚೆನ್ನಾಗಿದೆ' ಎಂದು ಹೇಳಿ, ಮನೆಗೆ ಬಂದ ನೆಂಟರ ಮಗುವನ್ನು ಹೊಗಳಿದ ಹಾಗೆ ಹೊಗಳಿ ಪಾರಾಗುತ್ತೇವೆ. ಆ ಚೀಟಿ ನಮ್ಮನ್ನು ಆ ಕಷ್ಟದಿಂದ ಬಿಡಿಸಿತು. ಏನು ಹೇಳಬೇಕು ಎಂಬ ಚಿಂತೆ ಬೇಡ, ಏನು ಕಾಣುತ್ತದೋ ಅದನ್ನು ಹೇಳು.

ಹೇಳುವ ಕೆಲಸ ನನ್ನ ಮಗಳಿಗೆ ಬಿತ್ತು. ಒಂಬತ್ತು ವರ್ಷದವಳು. ಹಲ್ಲುಜ್ಜು ಎಂದರೂ ಯಾವ ಆಧಾರದ ಮೇಲೆ ಎಂದು ಕೇಳುವುದರಿಂದ ಮನೆಯಲ್ಲಿ ಅವಳನ್ನು ವಕೀಲಮ್ಮ ಎನ್ನುತ್ತೇವೆ. ಸಂಜೆ ಊಟಕ್ಕೆ ಕೂತಾಗ ಅತ್ತೆ ಕಿವಿಯ ಹತ್ತಿರ ಕೈ ಇಟ್ಟುಕೊಂಡು "ಹಲೋ, ಎಕ್ಸ್‌ಚೇಂಜ್" ಎನ್ನುತ್ತಾರೆ. ವಕೀಲಮ್ಮ ಆ ಕಡೆಯಿಂದ ಮಾತಾಡುತ್ತಾಳೆ.

"ಅಜ್ಜಿ, ಇವತ್ತು ಮೂರನೇ ಕುರ್ಚಿ."

"ಹೇಳು. ಕಟ್ ಮಾಡ್ಬೇಡ."

"ದಿಂಬು ಇದೆ. ಮಧ್ಯ ತಗ್ಗು."

"ಬೆಕ್ಕಿದೆಯಾ ಅದರ ಮೇಲೆ?"

"ಬೆಕ್ಕಿಲ್ಲ ಅಜ್ಜಿ. ಬೆಕ್ಕು ಎದ್ದು ಹೋದ ಜಾಗ ಇದೆ."

ಅತ್ತೆ ಊಟ ನಿಲ್ಲಿಸಿದರು. "ಹೌದಾ," ಎಂದರು, "ಅದನ್ನ ಕರ್ಕೊಂಡು ಹೋಗ್ತಾರೋ ಇಲ್ವೋ, ನೋಡಿ ಹೇಳು." ಮರುದಿನ ಹುಡುಗಿ ಶಾಲೆಯಿಂದ ಬಂದವಳೇ ಚೀಲ ಇಳಿಸದೆ ಚಿತ್ರದ ಮುಂದೆ ನಿಂತು, ಗಂಟಿನ ಪಕ್ಕ ಮುಚ್ಚಳ ಇರುವ ಒಂದು ಬುಟ್ಟಿಯನ್ನು ಹುಡುಕಿ ತೆಗೆದಳು. ಅವತ್ತು ಸಂಜೆ ಅತ್ತೆಗೆ ನೆಮ್ಮದಿ.

ನಡುಭಾಗವನ್ನು ಮೊಮ್ಮಗಳು ಹೇಳಬೇಕು, ಅಂಚುಗಳನ್ನು ಅಜ್ಜಿ ಹೇಳಬೇಕು ಎಂಬ ಒಪ್ಪಂದ ತಾನಾಗಿಯೇ ಆಯಿತು. ಅತ್ತೆ ಚಿತ್ರದ ನಡುವಿಗೆ ಮುಖ ಮಾಡಿ ಕೂತರೆ ನಡುವು ಮಾಯ, ಅಂಚು ಹಾಜರು. ನಮ್ಮಂಥವರು ಹೆಂಗಸನ್ನು ನೋಡುತ್ತಾ ಹೆಗಲನ್ನು ತಪ್ಪಿಸಿಕೊಳ್ಳುತ್ತೇವೆ. ಅವರಿಗೆ ಹೆಂಗಸು ಕಾಣುವುದೇ ಇಲ್ಲವಾದ್ದರಿಂದ ಹೆಗಲು ಸಿಕ್ಕಿತು. "ಎಡಗಡೆ ಯಾರೋ ಇದಾರೆ ಕಣೇ, ತುದೀಲಿ." ವಕೀಲಮ್ಮ ಹೋಗಿ ನೋಡಿ, "ಅಯ್ಯೋ ಹೌದು, ಅರ್ಧ ಅಂಕಲ್" ಎಂದಳು. ಅಂದಿನಿಂದ ಮನೆಯಲ್ಲಿ ವ್ಯಾಜ್ಯ. ಅರ್ಧ ಅಂಕಲ್ ಒಳಗೆ ಬರುತ್ತಿದ್ದಾನೆ ಎಂದು ಅಜ್ಜಿ, ಹೊರಗೆ ಹೋಗುತ್ತಿದ್ದಾನೆ ಎಂದು ಮೊಮ್ಮಗಳು. ಹೆಗಲ ಮೇಲಿನ ಬೆಳಕು ಯಾವ ಕಡೆಯದು, ಬಟ್ಟೆಯ ನೆರಿಗೆ ಯಾವ ಕಡೆ ಎಳೆದಿದೆ ಎಂದು ಇಬ್ಬರೂ ಸಾಕ್ಷಿ ಹಾಕುತ್ತಾರೆ. ನನ್ನ ಹೆಂಡತಿ ನ್ಯಾಯಾಧೀಶೆ. ತೀರ್ಪನ್ನು ಕಾಯ್ದಿರಿಸಿ ಪಾತ್ರೆ ತೆಗೆಯಲು ಎದ್ದುಹೋಗುತ್ತಾಳೆ.

ಅಷ್ಟರಲ್ಲಿ ನಿಮ್ಮ ಸುತ್ತೋಲೆ ಬಂತು. ನೋಟ ಕಲಿಸಬೇಕಾದವರಿಂದ ನೋಟೀಸು. ಪ್ರತಿಗಳು 'ನಿರ್ವಹಣೆಗೆ ತೊಡಕಾಗಿವೆ', ಆದ್ದರಿಂದ ಹಿಂದಿರುಗಿಸುವುದು. ಇನ್ನು ಮುಂದೆ ಕುಟುಂಬಗಳು ಆ್ಯಪ್‌ನಲ್ಲಿ 'ಸಾವಿರಾರು ಕೃತಿಗಳನ್ನು ಬೆರಳ ತುದಿಯಲ್ಲಿ' ನೋಡಬಹುದು. ನಾವು ಹಠಮಾರಿಗಳಲ್ಲ ಮಾನ್ಯರೇ, ಹಾಕಿಕೊಂಡು ನೋಡಿದೆವು.

ಆ ಫೋನನ್ನು ಅತ್ತೆಯ ಕೈಗೆ ಕೊಟ್ಟಾಗ ಏನಾಯಿತು ಗೊತ್ತೇ? ಏನೂ ಆಗಲಿಲ್ಲ. ಅಂಗೈ ಅಗಲದ ಚಿತ್ರ ಇಡಿಯಾಗಿ ಅವರ ಬೂದು ಮೋಡದೊಳಗೆ ಬಿದ್ದು ಮುಳುಗಿತು. "ಆನ್ ಮಾಡು" ಎಂದರು. ಆನ್ ಆಗಿಯೇ ಇತ್ತು. ಫೋನನ್ನು ಕಿವಿಗಿಟ್ಟುಕೊಂಡು, "ಇದರಲ್ಲಿ ಮಾತಾಡೋಕೆ ಮಾತ್ರ ಬರೋದು ನಂಗೆ" ಎಂದು ವಾಪಸ್ ಕೊಟ್ಟರು. ಸರಿ, ಹುಡುಗಿಯಾದರೂ ನೋಡಲಿ ಎಂದು ಅವಳ ಕೈಗಿಟ್ಟೆವು. ಅವಳು ಮೊದಲು ಹುಡುಕಿದ್ದು ತನ್ನ ಪರಿಚಯದ ಚಿತ್ರವನ್ನೇ. ಹೆಂಗಸು ಇದ್ದಳು, ಕುರ್ಚಿ ಇತ್ತು. ಹೆಗಲಿರಲಿಲ್ಲ, ಚಕ್ರವಿರಲಿಲ್ಲ, ಬಿಸಿಲಿರಲಿಲ್ಲ. ಫೋನಿನ ಉದ್ದ ಪರದೆಗೆ ಹೊಂದಲೆಂದು ಅಗಲದ ಚಿತ್ರದ ಎರಡೂ ಬದಿ ಕತ್ತರಿಸಿದ್ದೀರಿ. ನಡುಭಾಗವನ್ನು ನಮ್ಮ ಅತ್ತೆಯ ಕಣ್ಣು ತಿಂದಿತು, ಅಂಚನ್ನು ನಿಮ್ಮ ಕತ್ತರಿ ತಿಂದಿತು. ಇನ್ನು ಉಳಿದದ್ದು ಏನು, ನೀವೇ ಹೇಳಿ.

ಇಪ್ಪತ್ತು ಸೆಕೆಂಡಾಗುತ್ತಲೇ ಚಿತ್ರ ಸರಿದುಹೋಗಿ ಪ್ರಶ್ನೆ ಬಂತು. "ಈ ಚಿತ್ರದ ಭಾವ ಯಾವುದು? ದುಃಖ, ಸಂತೋಷ, ಕೋಪ, ಶಾಂತಿ." ನನ್ನ ಮಗಳು ತಲೆಯೆತ್ತಿ ಕೇಳಿದಳು, "ಮೊಳೆ ಕೀಳೋದು ಇದರಲ್ಲಿ ಯಾವುದಕ್ಕೆ ಬರುತ್ತೆ?" ಏಕೆಂದರೆ ಮೂರು ವಾರದ ವಾದದ ನಂತರ ಅಜ್ಜಿ ಮೊಮ್ಮಗಳು ಒಮ್ಮತಕ್ಕೆ ಬಂದ ಒಂದೇ ವಿಷಯ ಅದು. ಹೆಂಗಸು ಗೋಡೆ ಸವರುತ್ತಿಲ್ಲ, ಮೊಳೆ ಕೀಳುತ್ತಿದ್ದಾಳೆ. ಹೆಬ್ಬೆರಳು ತೋರುಬೆರಳು ಕೂಡಿವೆ, ಮೊಣಕೈ ಬಿಗಿಯಾಗಿದೆ. "ಬಾಡಿಗೆ ಮನೆ ಇರ್ಬೇಕು. ಮೊಳೆ ಬಿಟ್ಟು ಹೋದ್ರೆ ಓನರ್ ಬಾಯಿಗೆ ಬೀಳ್ಬೇಕಲ್ಲ" ಎಂದು ಅತ್ತೆ ವಿವರಿಸಿದ್ದರು. ಮೊಳೆ ಕೀಳುವಾಗ ದುಃಖವಿರಬಹುದು, ಕೋಪವಿರಬಹುದು, ಮೊಳೆ ಸಲೀಸಾಗಿ ಬಂದರೆ ಸಂತೋಷವೂ ಇರಬಹುದು. ಅವಳು ಬಹಳ ಯೋಚಿಸಿ ಕೋಪ ಒತ್ತಿದಳು. ಕೆಂಪು ಗುರುತು, ಒಂದು ಅಪಶಕುನದ ಸದ್ದು. ಸರಿಯುತ್ತರ: ದುಃಖ. ಪಕ್ಕದ ಮನೆಯ ಅವಳ ಗೆಳತಿ ಎಲ್ಲದಕ್ಕೂ ಮೊದಲನೆಯದನ್ನೇ ಒತ್ತುತ್ತಾ ಹೋಗಿ 'ಕಲಾ ರತ್ನ' ಆದಳು.

ಇದುವರೆಗೆ ಬರೆದದ್ದನ್ನು ನೀವು ತಮಾಷೆ ಎಂದು ಬದಿಗಿಡಬಹುದು. ಆಮೇಲೆ ನಡೆದದ್ದು ತಮಾಷೆಯಲ್ಲ. ಅವತ್ತು ಸಂಜೆ ಅತ್ತೆ ಕಿವಿಗೆ ಕೈ ಇಟ್ಟು "ಹಲೋ, ಎಕ್ಸ್‌ಚೇಂಜ್" ಎಂದರು. ಆ ಕಡೆಯಿಂದ ಮಾತಿಲ್ಲ.

"ಏನಾಯ್ತೇ? ಲೈನಲ್ಲಿ ಇದ್ದೀಯಾ?"

"ಅದು ದುಃಖ ಅಂತೆ ಅಜ್ಜಿ."

"ಯಾವ್ದು?"

"ಚಿತ್ರ. ಗೊತ್ತಾಯ್ತಲ್ಲ, ಮುಗೀತು."

"ಹಾಗಾದ್ರೆ ಅವಳ ಕೈ?"

"ಆ್ಯಪ್‌ನಲ್ಲಿ ಕೈ ಬಗ್ಗೆ ಕೇಳಿಲ್ಲ."

ಆ ವಾರವೆಲ್ಲ ನಮ್ಮ ಊಟದ ಕೋಣೆಯಲ್ಲಿ ಚಮಚದ ಸದ್ದು ಮಾತ್ರ. ಅತ್ತೆ ದಿನಾ ಒಮ್ಮೆ ಕರೆದು, ಉತ್ತರ ಬಾರದೆ ಕೈ ಕೆಳಗಿಳಿಸುತ್ತಿದ್ದರು. ಮಗಳನ್ನು ನಾನು ಗದರಲಿಲ್ಲ. ಗದರಿ ಏನೆಂದು ಹೇಳುವುದು? ಅವಳಿಗಿಂತ ದೊಡ್ಡವರಾದ ನೀವು ಉತ್ತರ ಇಂಥದ್ದು ಎಂದು ಹೇಳಿಬಿಟ್ಟ ಮೇಲೆ ಅವಳು ಪಾಪ ಇನ್ನೂ ಯಾಕೆ ನೋಡಬೇಕು?

ನಿಮ್ಮ ಕಚೇರಿಗೆ ಫೋನ್ ಮಾಡಿದೆ. ಸಂಪರ್ಕ ವಿಭಾಗದ ಯುವಕರು ಬಹಳ ವಿನಯವಂತರು. ಅವರ ಮೇಲೆ ನನಗೆ ಸಿಟ್ಟಿಲ್ಲ.

"ಸರ್, ಆ್ಯಪ್‌ನಲ್ಲಿ ಎಲ್ಲಾ ಚಿತ್ರಾನೂ ಇದೆ ಸರ್."

"ಅಂಚು ಇಲ್ಲಪ್ಪ."

"ಅಂಚು ಅಂದ್ರೆ ಫ್ರೇಮಾ ಸರ್?"

"ಚಿತ್ರದ್ದೇ ಅಂಚು. ಎಡಗಡೆ ಒಂದು ಹೆಗಲಿತ್ತು."

"ಮುಖ್ಯವಾದದ್ದೆಲ್ಲ ನಡುವೆ ಇರುತ್ತೆ ಸರ್. ಅಂಚಲ್ಲಿ ಏನೂ ಇರಲ್ಲ."

"ನೀವು ನೋಡಿದ್ದೀರಾ?"

"ನಂದು ಸಂಪರ್ಕ ವಿಭಾಗ ಸರ್. ನೋಡೋದು ಬೇರೆ ವಿಭಾಗ."

ಆ ಬೇರೆ ವಿಭಾಗ ಯಾವುದು ಎಂದು ತಿಳಿಯಲು ಇನ್ನೆರಡು ಸಲ ಫೋನ್ ಮಾಡಿ, ಸಾಕಾಗಿ, ಬಿಟ್ಟೆ. ಬೇರೆಯವರ ನಷ್ಟದ ಕಾಗದಪತ್ರಗಳ ನಡುವೆ ದಿನ ಕಳೆಯುವವನು ನಾನು. ಯಾವ ಜಗಳಕ್ಕೆ ಎಷ್ಟು ಆಯುಸ್ಸು ಬೇಕು ಎಂಬ ಅಂದಾಜು ನನಗಿದೆ. ಅಂಥ ಆಯುಸ್ಸು ನನ್ನ ಬಳಿ ಇಲ್ಲ, ಅತ್ತೆಯ ಕಣ್ಣಿನ ಬಳಿ ಮೊದಲೇ ಇಲ್ಲ.

ಲೈನು ಮತ್ತೆ ಸಿಕ್ಕಿದ್ದು ಅತ್ತೆಯಿಂದಲೇ. ಒಂದು ಸಂಜೆ ಅವರು ಕರೆಯಲಿಲ್ಲ. ಊಟ ಮುಗಿಸಿ, ಯಾರಿಗೂ ಅಲ್ಲವೆಂಬಂತೆ, "ಅರ್ಧ ಅಂಕಲ್ ಹೊರಗೆ ಹೋಗ್ತಿದಾನೆ ಅಂತಾನೇ ಇಟ್ಕೊಳ್ಳೋಣ, ನಾನು ಸೋತೆ" ಎಂದರು. ವಕೀಲಮ್ಮನಿಗೆ ಎದುರಾಳಿ ಇಷ್ಟು ಸುಲಭವಾಗಿ ಸೋಲುವುದನ್ನು ಸಹಿಸಲಾಗಲಿಲ್ಲ. "ಯಾಕೆ? ನೀನು ಇನ್ನೂ ಸರಿಯಾಗಿ ನೋಡೇ ಇಲ್ಲ" ಎಂದಳು. "ಆ ನಿನ್ನ ಫೋನೇ ಮುಗೀತು ಅಂತಲ್ಲ," ಎಂದರು ಅತ್ತೆ. ಹುಡುಗಿ ತಟ್ಟೆ ಬದಿಗೆ ಸರಿಸಿ, "ಅದು ಹೆಗಲು ನೋಡೇ ಇಲ್ಲ ಅಜ್ಜಿ, ಅದಕ್ಕೇನು ಗೊತ್ತು" ಎಂದಳು. "ಹಾಗಾದ್ರೆ ಅದಕ್ಕೆ ಹೇಳು, ರಾಂಗ್ ನಂಬರ್ ಅಂತ," ಎಂದರು ಅತ್ತೆ. ಆ ರಾತ್ರಿಯೇ ನಾವೆಲ್ಲ ಸೇರಿ ಕ್ಯಾಲೆಂಡರ್ ಸುತ್ತಿದೆವು. ಮುಚ್ಚಳ ಒತ್ತಿದವರು ನಮ್ಮ ಅತ್ತೆ. ಕಾಯಿದೆಯ ಪ್ರಕಾರ ಇದು ಸಂಚು. ಬಂಧಿಸಲು ಬರುವುದಾದರೆ ನಾಲ್ವರಿಗೆ ಆಗುವಷ್ಟು ದೊಡ್ಡ ಗಾಡಿ ತನ್ನಿ.

ಈ ಪತ್ರಕ್ಕೆ ಅವಸರ ಯಾಕೆ ಎಂದರೆ ಇದಕ್ಕೆ. ಮೊನ್ನೆ ಕಣ್ಣಿನ ಡಾಕ್ಟರು ಮತ್ತೆ ಪರೀಕ್ಷೆ ಮಾಡಿದರು. ಈಗ ಇನ್ನೊಂದು ಕಾಯಿಲೆ ನೋಟದ ಹೊರಗಡೆಯಿಂದ ಒಳಗೆ ಬರುತ್ತಿದೆಯಂತೆ. ಹನಿ ಹಾಕಿ ತಡೆಯಲು ನೋಡಬಹುದು, ಎಷ್ಟು ಕಾಲ ಎಂದು ಹೇಳಲಾಗದು. ಅಂದರೆ ಅತ್ತೆಯ ಪಾಲಿಗೆ ಉಳಿದಿದ್ದ ಅಂಚೂ ಸವೆಯುತ್ತಿದೆ. ಹೊರಗೆ ಬಂದು ಅವರು ಹೇಳಿದ್ದು ಒಂದೇ ಮಾತು: "ಆ ಹೆಗಲಿನ ವಿಚಾರ ಬೇಗ ಇತ್ಯರ್ಥ ಮಾಡ್ಕೋಬೇಕು."

ಆದ್ದರಿಂದ ನನ್ನ ಬೇಡಿಕೆ. ನಮ್ಮ ಮನೆಯ ಪ್ರತಿಯನ್ನು ಕೇಳಬೇಡಿ. ನಿಮ್ಮ ಕಡತದಲ್ಲಿ ಅದು ಸುಸ್ಥಿತಿಯಲ್ಲಿ ತಲುಪಿದೆ, ಹಾಗೇ ಇರಲಿ. ಇನ್ನೂ ರದ್ದಿಗೆ ಹೋಗದೆ ಉಳಿದಿರುವ ಪ್ರತಿಗಳನ್ನು ಕೇಳಿದ ಮನೆಗಳಿಗೆ ಮತ್ತೆ ಕಳಿಸಿ, ಆ ಹಳೆಯ ಚೀಟಿಯ ಸಮೇತ. ಆ್ಯಪ್ ಇಟ್ಟುಕೊಳ್ಳಿ, ನಾನು ಬೇಡ ಎಂದರೆ ನೀವು ಕೇಳುವುದೂ ಇಲ್ಲ. ಆದರೆ ಚಿತ್ರವನ್ನು ಅಂಚಿನವರೆಗೆ ತೋರಿಸಿ, ನೋಡುವವರು ಸಾಕು ಎನ್ನುವವರೆಗೆ ನಿಲ್ಲಿಸಿ, ಭಾವ ಯಾವುದು ಎಂದು ದಯವಿಟ್ಟು ಕೇಳಬೇಡಿ. ಕೇಳಲೇಬೇಕೆಂಬ ಚಪಲವಿದ್ದರೆ 'ಇನ್ನೇನು ಕಾಣುತ್ತೆ' ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಮತ್ತು ಒಂದು ಸಂಜೆ ಬಿಡುವು ಮಾಡಿಕೊಂಡು ಆ ಕೊಳವೆಯ ಮುಚ್ಚಳ ತೆಗೆಯಿರಿ.

ಪತ್ರ ಇಲ್ಲಿಗೆ ಮುಗಿಯಬೇಕಿತ್ತು. ಕಳಿಸುವ ಮೊದಲು ಊಟದ ಮೇಜಿನ ಬಳಿ ಎಲ್ಲರಿಗೂ ಗಟ್ಟಿಯಾಗಿ ಓದಿದೆ. ಹೆಂಡತಿ ತಲೆದೂಗಿದಳು. ಮಗಳು ಎರಡು ಕಡೆ ಆಕ್ಷೇಪಣೆ ಎತ್ತಿ ಹಿಂತೆಗೆದುಕೊಂಡಳು. ಅತ್ತೆ ಕೊನೆಯವರೆಗೂ ಕೇಳಿ, "ಬಹಳ ಚೆನ್ನಾಗಿದೆ ಅಳಿಯಂದಿರೇ," ಎಂದರು. ಆಮೇಲೆ ಮೆಲ್ಲಗೆ, "ಅಂದಹಾಗೆ ನೀವು ಯಾವಾಗ ನೋಡಿದ್ರಿ?"

ನಮ್ಮ ಮೇಜಿಗೆ ನಾಲ್ಕು ಕುರ್ಚಿ. ನನ್ನದು ಗೋಡೆಗೆ ಒರಗಿದ್ದು. ಚಿತ್ರ ನೇತಾಡುತ್ತಿರುವುದು ಅದೇ ಗೋಡೆಗೆ, ನನ್ನ ತಲೆಯ ಹಿಂದೆ. ಈ ಐದು ತಿಂಗಳೂ ನಾನು ಅದರ ಕೆಳಗೆ ಕೂತು ಉಂಡಿದ್ದೇನೆ, ಬೆಳಿಗ್ಗೆ ಅದರ ಮುಂದೆಯೇ ಬೂಟು ಹಾಕಿಕೊಂಡು ಬೇರೆಯವರ ಹಾನಿ ನೋಡಲು ಓಡಿದ್ದೇನೆ. ಬೆಕ್ಕಿನ ಜಾಗ, ಬುಟ್ಟಿ, ಮೊಣಕೈ, ಹೆಗಲು, ಮೇಲೆ ನಿಮಗೆ ನಾನು ಮಂಡಿಸಿದ ಸಮಸ್ತ ವಿವರವೂ ಇವರಿಬ್ಬರ ಫೋನ್ ಸಂಭಾಷಣೆಯನ್ನು ಕದ್ದು ಕೇಳಿ ಬರೆದದ್ದು.

ಎದ್ದು ತಿರುಗಿ ನೋಡಿದೆ. ಎಲ್ಲವೂ ಅವರು ಹೇಳಿದ ಹಾಗೇ ಇತ್ತು. ಅವರು ಹೇಳದೆ ಬಿಟ್ಟಿದ್ದು ಒಂದೇ: ಕೆಳ ಅಂಚಿನ ಮಧ್ಯದಲ್ಲಿ, ಅಂಗೈ ಅಗಲಕ್ಕೆ, ಕಂದು ಬಣ್ಣದ ಒಂದು ಕಲೆ. ವೃತ್ತಿಯ ಅಭ್ಯಾಸದಿಂದ ಬೆರಳಿಟ್ಟು ಮೂಸಿ ಕಾರಣ ಪತ್ತೆಮಾಡಿದೆ. ನನ್ನ ತಲೆಯೆಣ್ಣೆ.

"ಗೊತ್ತಿತ್ತು," ಎಂದಳು ಮಗಳು. "ಅಜ್ಜಿ ಹೇಳ್ಬೇಡ ಅಂದ್ರು."

ನಾಳೆಯಿಂದ ಕುರ್ಚಿ ಬದಲಿಸೋಣ, ನಾನೂ ಸರಿಯಾಗಿ ನೋಡುತ್ತೇನೆ ಎಂದೆ. ಹೆಂಡತಿ ನಿಟ್ಟುಸಿರು ಬಿಟ್ಟಳು. "ನಾಳೆ ನೋಡೋಣ. ಈಗ ಕೂತ್ಕೊಳ್ರೀ, ಅಮ್ಮಂಗೆ ಅಡ್ಡ ಬರ್ತಿದೀರ."

ಇಂತಿ,
ಚಿತ್ರಕ್ಕೆ ಬೆನ್ನು ಹಾಕಿ ಕೂತು, ತಲೆಯಿಂದ ಹಾನಿ ಮಾಡಿದ
ಒಬ್ಬ ಹಾನಿ ಅಂದಾಜುಗಾರ